ಬಾಸೆಲ್‌ಗೂ ಮಿಷನ್‌ಗೂ ನಡುವೆ

ಭಾನುವಾರ, ಜುಲೈ 14, 2024
ಕುಂಜಿಬೆಟ್ಟು, ಉಡುಪಿ

ಬೆಳಗ್ಗೆಯಿಂದ ಮಳೆ ಬಿಟ್ಟಿಲ್ಲ. ಕರೆಂಟ್ ಎರಡು ಸಲ ಹೋಗಿ ಬಂತು. ಇನ್ನೊಂದು ನಿದ್ದೆ ತೆಗೆಯುವ ಅಂದುಕೊಂಡಿದ್ದೆ, ಅಷ್ಟರಲ್ಲಿ ಮಾವ ಬಂದರು. ಕೊಡೆ ಇದ್ದರೂ ಅರ್ಧ ಒದ್ದೆ. ಪೆನ್‌ಡ್ರೈವ್ ಮಾತ್ರ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಭದ್ರವಾಗಿ ಜೇಬಲ್ಲಿತ್ತು.

ಮಾವ ನಿವೃತ್ತ ಕನ್ನಡ ಮೇಷ್ಟ್ರು. ಹಿಂದೆ ಒಂದು ಸ್ಮರಣ ಸಂಚಿಕೆಗೆ ‘ಮಂಗಳೂರ ಸಮಾಚಾರ’ದ ಬಗ್ಗೆ ಬರೆದಿದ್ದರು. ಕನ್ನಡದ ಮೊದಲ ಪತ್ರಿಕೆ, 1843ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಶುರುಮಾಡಿದ್ದು, ಕಲ್ಲಚ್ಚಿನಲ್ಲಿ ಅಚ್ಚಾಗುತ್ತಿತ್ತು. ಆ ಲೇಖನವನ್ನು ಈಗ ಪುಸ್ತಕಕ್ಕೆ ಸೇರಿಸಬೇಕಂತೆ. ಮೂಲ ಫೈಲ್ ಇಲ್ಲ. ಪಿಡಿಎಫ್‌ನಿಂದ ಯಾರೋ ತೆಗೆದು, ಯೂನಿಕೋಡ್‌ಗೆ ತಿರುಗಿಸಿ ಕೊಟ್ಟಿದ್ದಾರೆ. ಅಕ್ಷರವೆಲ್ಲ ಸರಿ ಇದೆ. ಆದರೆ ಸಂಚಿಕೆಯ ಕಾಲಂ ಅಗಲ ಕಿರಿದಾಗಿತ್ತಲ್ಲ, ಮೂರ್ನಾಲ್ಕು ಪದಕ್ಕೊಂದು ಸಾಲು ಮುರಿದಿದೆ. ನೋಡಲು ಒಳ್ಳೇ ನವ್ಯ ಕವಿತೆ.

“ಎಂತ ಮಾಡುವುದು ಮಾರಾಯ, ಒಂದೊಂದೇ ಸಾಲು ಮೇಲೆ ಎಳೆದು ಎಳೆದು ಬೆರಳು ನೋವು ಬಂತು” ಅಂದರು.

ಬರಹ ತಿದ್ದಲು ನಾನೇ ಬರೆದ ಒಂದು ಪುಟ್ಟ ಎಡಿಟರ್ ಪ್ರೋಗ್ರಾಂ ಇದೆ. ಟರ್ಮಿನಲ್‌ನಲ್ಲಿ, ಅಂದರೆ ಬರೀ ಅಕ್ಷರಗಳ ಕಿಟಕಿಯಲ್ಲಿ ಓಡುತ್ತದೆ, ಬಳಸುವವನು ನಾನೊಬ್ಬನೇ. ಅದಕ್ಕೆ ಸಾಲು ಸೇರಿಸುವ ಕಮಾಂಡ್ ಬರೆಯಬೇಕು ಅಂತ ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೆ. ವಿಮ್ ಎಂಬ ಪ್ರಸಿದ್ಧ ಎಡಿಟರ್‌ನಲ್ಲಿ ದೊಡ್ಡ ಜೆ ಒತ್ತಿದರೆ ಮುಗಿಯಿತು, ಅದನ್ನೇ ಬಳಸಬಹುದಿತ್ತಲ್ವಾ ಅಂತ ಕೇಳಬೇಡಿ. ಸ್ವಂತ ಎಡಿಟರ್ ಬರೆಯುವವರ ಹತ್ತಿರ ಆ ಪ್ರಶ್ನೆ ಕೇಳಬಾರದು.

ಅರ್ಧ ಗಂಟೆ ಸಾಕು ಅಂದುಕೊಂಡೆ. ಸಾಲಿನ ಕೊನೆಯಲ್ಲಿರುವ ಹೊಸ ಸಾಲಿನ ಚಿಹ್ನೆ ಅಳಿಸು, ಕೆಳಗಿನ ಸಾಲನ್ನು ತಂದು ಅಂಟಿಸು, ಅಷ್ಟೇ ತಾನೆ?

ಮೊದಲ ಪೆಟ್ಟು ಕೀಲಿಯಲ್ಲೇ ಬಿತ್ತು. ನೆನಪಿಡಲು ಸುಲಭ ಅಂತ ಕಂಟ್ರೋಲ್ ಜೆ ಕೊಟ್ಟೆ. ಸಾಲು ಸೇರು ಅಂತ ಒತ್ತಿದರೆ ಸಾಲು ಇನ್ನೂ ಮುರಿಯಿತು! ಟರ್ಮಿನಲ್‌ನಲ್ಲಿ ಕಂಟ್ರೋಲ್ ಜೆ ಅಂದರೆ 10 ಎಂಬ ಸಂಖ್ಯೆ, ಹೊಸ ಸಾಲಿನ ಚಿಹ್ನೆಯದ್ದೂ ಅದೇ 10. ಎಂಟರ್ ಕೀಲಿ 13 ಕಳಿಸುತ್ತದೆ. ನಾನು ಹಿಂದೊಮ್ಮೆ ಸೋಮಾರಿತನದಿಂದ 10, 13 ಎರಡನ್ನೂ ಎಂಟರ್ ಅಂತಲೇ ಬರೆದಿಟ್ಟಿದ್ದೆ. ಆಲ್ಟ್ ಜೆ ಮಾಡಿ ಮುಂದೆ ಹೋದೆ.

ಆಮೇಲೆ ನಿಜವಾದ ಗೊಂದಲ. ಎರಡು ಸಾಲು ಕೂಡುವ ಜಾಗದಲ್ಲಿ ಏನಿರಬೇಕು? ಮೇಲಿನ ಸಾಲಿನ ಬಾಲದ ಸ್ಪೇಸ್‌ಗಳನ್ನು, ಕೆಳಗಿನ ಸಾಲಿನ ಮುಂದಿನ ಖಾಲಿ ಜಾಗವನ್ನು ತೆಗೆದು, ನಡುವೆ ಒಂದೇ ಸ್ಪೇಸ್ ಇಡುವುದು ವಾಡಿಕೆ. ಕೆಳಗಿನ ಸಾಲು ಮುಚ್ಚುವ ಕಂಸದಿಂದ ಶುರುವಾದರೆ ವಿಮ್ ಆ ಸ್ಪೇಸನ್ನೂ ಹಾಕುವುದಿಲ್ಲ. ಅಲ್ಲೇ ಇನ್ನೊಂದು ಆಯ್ಕೆಯೂ ಇದೆ: ಎರಡೂ ಕಡೆ ಬಹು-ಬೈಟ್ ಅಕ್ಷರ, ಅಂದರೆ ಕಂಪ್ಯೂಟರಿನಲ್ಲಿ ಒಂದಕ್ಕಿಂತ ಹೆಚ್ಚು ಬೈಟ್ ಜಾಗ ಹಿಡಿಯುವ ಅಕ್ಷರ ಇದ್ದರೆ ಸ್ಪೇಸ್ ಬೇಡ. ಚೀನೀ, ಜಪಾನೀ ಬರವಣಿಗೆಯಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ, ಅಲ್ಲಿಗೆ ಅದು ಸರಿ. ಅದು ತಾನಾಗಿ ಕೆಲಸ ಮಾಡುವುದಿಲ್ಲ, ಬೇಕಾದವರು ಹೇಳಿ ಹಾಕಿಸಿಕೊಳ್ಳಬೇಕು. ನಾನು ಮಹಾ ಜಾಣ, ಅದನ್ನು ಖಾಯಂ ಮಾಡಿಬಿಟ್ಟೆ. ಯೂನಿಕೋಡ್ ಅಕ್ಷರಗಳನ್ನು ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಕನ್ನಡದ ಒಂದೊಂದು ಕೋಡ್‌ಗೂ ಮೂರು ಬೈಟ್ ಅನ್ನುವುದು ಆಗ ನೆನಪಾಗಲಿಲ್ಲ.

ಮಾವ ಚಹಾ ಲೋಟ ಹಿಡಿದುಕೊಂಡು ಸ್ಕ್ರೀನ್ ಹತ್ತಿರ ಬಗ್ಗಿದರು.

“ಇದೆಂತ, ‘ಬಾಸೆಲ್ಮಿಷನ್’?”

ಮೇಲಿನ ಸಾಲು ‘ಬಾಸೆಲ್’ ಅಂತ ಮುಗಿದಿತ್ತು. ಕೆಳಗಿನದು ‘ಮಿಷನ್’ ಅಂತ ಶುರುವಾಗಿತ್ತು. ಸ್ಪೇಸ್ ಹೋಯಿತು, ಕೊನೆಯ ಲ್‌ನ ಹಲಂತಕ್ಕೆ ಮ ಸಿಕ್ಕಿತು, ಸಿಕ್ಕಿದ್ದೇ ಒತ್ತಕ್ಷರವಾಗಿ ಕೆಳಗೆ ಜೋತುಬಿತ್ತು. ಇಂಗ್ಲಿಷ್‌ನಲ್ಲಿ ಎರಡು ಪದ ಅಂಟಿಕೊಂಡರೂ ಅಕ್ಷರದ ರೂಪ ಬದಲಾಗುವುದಿಲ್ಲ. ಇಲ್ಲಿ ಅಕ್ಷರವೇ ಬೇರೆಯಾಗುತ್ತದೆ.

ಆ ನಿಯಮ ಕಿತ್ತು ಹಾಕಿದೆ. ಆದರೆ ಸ್ಪೇಸ್ ಇಲ್ಲದೇ ಸೇರಿಸುವುದೂ ಬೇಕು. ಕೆಲವು ಕಡೆ ಪದದ ಮಧ್ಯದಲ್ಲೇ ಸಾಲು ಮುರಿದಿದೆ, ‘ಪ್ರೆಸ್’ ಮೇಲೆ, ‘ನಲ್ಲಿ’ ಕೆಳಗೆ. ಸುಮ್ನೆ ಅಂಟಿಸಿದರೆ ‘ಪ್ರೆಸ್ನಲ್ಲಿ’. ‘ಪ್ರೆಸ್‌ನಲ್ಲಿ’ ಆಗಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರಬೇಕು. ಅಗಲವೇ ಇಲ್ಲದ, ಎರಡು ಅಕ್ಷರ ಕೂಡದಂತೆ ತಡೆಯುವ ಚಿಹ್ನೆ. ಮೇಲಿನ ಸಾಲಿನ ಕೊನೆ ಹಲಂತವಾಗಿ, ಕೆಳಗಿನದು ವ್ಯಂಜನದಿಂದ ಶುರುವಾದರೆ ಅದನ್ನು ಹಾಕು ಅಂತ ಬರೆದೆ. ಇದು ಬೇರೆ ಕಮಾಂಡ್, ಶಿಫ್ಟ್ ಜೊತೆ. ಎಲ್ಲಿ ಯಾವುದು ಅಂತ ಮನುಷ್ಯರೇ ನೋಡಿ ಒತ್ತಬೇಕು. ಎಡಿಟರ್ ಊಹೆ ಮಾಡುವುದು ನನಗಿಷ್ಟ ಇಲ್ಲ.

ಮಾವನಿಗೆ ವಿವರಿಸಿದೆ. “ಹಾಗಾದರೆ ಇದು ಲೋಪಸಂಧಿ, ಆಮೇಲೆ ಆಗಮ, ಅಲ್ವಾ?” ಅಂದೆ, ಸ್ವಲ್ಪ ಜಂಭದಿಂದಲೇ.

“ಅಲ್ಲ. ಒಂದು ಹೋಗಿ ಅದರ ಜಾಗಕ್ಕೆ ಇನ್ನೊಂದು ಬಂದರೆ ಆದೇಶ. ಎಂಟನೇ ಕ್ಲಾಸಲ್ಲೂ ಇದೇ ತಪ್ಪು ಮಾಡಿದ್ದೆ ನೀನು.”

ಊಟಕ್ಕೆ ಮೊದಲು ಇಡೀ ಲೇಖನ ಸೆಲೆಕ್ಟ್ ಮಾಡಿ ಒತ್ತಿದೆ. ಖಾಲಿ ಸಾಲು ಬಂದಲ್ಲಿ ನಿಲ್ಲಬೇಕು ಅಂತ ಹೇಳಿರಲಿಲ್ಲ, ಪ್ಯಾರಾಗಳೆಲ್ಲ ಒಂದಾದವು. ವಾಪಸ್ ಹೋಗುವ ಅಂತ ಅನ್‌ಡೂ ಒತ್ತಿದರೆ ಒಂದು ಸಲಕ್ಕೆ ಒಂದೇ ಸಾಲು ಬಿಡಿಸಿಕೊಳ್ಳುತ್ತಿದೆ. ಇನ್ನೂರು ಸಲ ಒತ್ತಿದೆನೋ ಏನೋ. ಈಗ ಒಂದು ಒತ್ತಿಗೆ ಎಲ್ಲ ಬಿಚ್ಚಿಕೊಳ್ಳುತ್ತದೆ, ಖಾಲಿ ಸಾಲನ್ನೂ ಮುಟ್ಟುವುದಿಲ್ಲ. ಅಷ್ಟು ಮಾಡುವಾಗ ಅಮ್ಮ ಎರಡು ಸಲ ಕರೆದಾಯಿತು, ಸಾರು ತಣಿಯಿತು.

ಮೂರು ಗಂಟೆಗೆ ಲೇಖನ ಮುಗಿಯಿತು. ಮಾವನಿಗೆ ಖುಷಿಯೋ ಖುಷಿ. ಪೆನ್‌ಡ್ರೈವ್‌ನಲ್ಲಿ ಅದೇ ಸಂಚಿಕೆಯ ಇನ್ನೊಂದು ಲೇಖನ ಇತ್ತು, ಯಕ್ಷಗಾನದ್ದು. “ಇದನ್ನು ನಾನೇ ಒತ್ತುತ್ತೇನೆ, ಏಳು” ಅಂತ ನನ್ನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂತರು. ಮೊದಲಿನಿಂದ ಕೊನೆಯವರೆಗೆ ಸೆಲೆಕ್ಟ್ ಮಾಡಿ, ಆಲ್ಟ್ ಹಿಡಿದು, ಜೆ ಹುಡುಕಿ ಒತ್ತಿದರು. ನಡುವೆ ಒಂದು ಭಾಮಿನಿ ಷಟ್ಪದಿ ಇತ್ತು. ಆರು ಸಾಲೂ ಸೇರಿ ಒಂದೇ ಉದ್ದ ಸಾಲಾಯಿತು.

ಮಾವ ಕನ್ನಡಕ ಮೇಲೇರಿಸಿ ನೋಡಿದರು.

“ಭಾಗವತರು ಉಸಿರು ತೆಗೆಯುವುದೆಲ್ಲಿ ಮಾರಾಯ?”