18 ಪೌಂಡ್ 60 ಪೆನ್ಸ್ ದಂಡ, ಎರಡು ವರ್ಷ ಜೈಲು

ಪುಸಿ ರಯಟ್ ಅಂದ್ರೆ ಹಾಡಿ ಪ್ರತಿಭಟನೆ ಮಾಡೋ ರಷ್ಯಾದ ಹುಡುಗೀರ ಗುಂಪು. ಈಗಿನ ಹುಡುಗ್ರಿಗೆ ಗೊತ್ತಿರಲ್ವೇನೋ, ಆದ್ರೆ 2012ರಲ್ಲಿ ಪೇಪರ್ ತುಂಬಾ ಅವ್ರದ್ದೇ ಸುದ್ದಿ. ಬಣ್ಣಬಣ್ಣದ ಮಂಕಿ ಕ್ಯಾಪ್ ಹಾಕ್ಕೊಂಡ ಐದು ಜನ ಹುಡುಗೀರು ಫೆಬ್ರವರಿ 21ಕ್ಕೆ ಮಾಸ್ಕೋದ ಕ್ರೈಸ್ಟ್ ದಿ ಸೇವಿಯರ್ ಕೆಥೆಡ್ರಲ್ ಒಳಗೆ ಹೋಗಿ, ಸಾಮಾನ್ಯ ಭಕ್ತರು ಕಾಲಿಡದ ಜಾಗಕ್ಕೆ ಹತ್ತಿ, ಕಿರುಚಿ, ಗಾಳಿಗೆ ಒದ್ದು, ಬಗ್ಗಿ ಶಿಲುಬೆ ಸನ್ನೆ ಮಾಡಿ ಗಲಾಟೆ ಎಬ್ಬಿಸಿದ್ರು. ಒಂದು ನಿಮಿಷ ಆಗೋದ್ರೊಳಗೆ ಸೆಕ್ಯುರಿಟಿಯವ್ರು ಎಳ್ಕೊಂಡ್ ಹೋಗಿ ಹೊರಗೆ ಬಿಟ್ರು, ಅಷ್ಟೇ. ಆಮೇಲೆ ನೆಟ್‌ಗೆ ಹಾಕಿದ ವಿಡಿಯೋದಲ್ಲಿ ಮೇರಿ ಮಾತೆನ ಕರೆದು ಪುಟಿನ್‌ನ ಓಡಿಸಮ್ಮಾ ಅಂತ ಬೇಡ್ಕೊಳ್ಳೋ ಹಾಡು. ಆಗಸ್ಟ್ 17ಕ್ಕೆ ಮೂವರಿಗೆ ಎರಡೆರಡು ವರ್ಷ ಜೈಲು.

ಇದನ್ನ ಈಗ ಯಾಕೆ ಎತ್ತಿದೆ ಅಂದ್ರೆ, ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದು ವಾದ ಆಗಾಗ ಬರ್ತಾನೇ ಇರತ್ತೆ. ಒಬ್ರು "ಫಾರಿನ್ನಲ್ಲಿ ಏನ್ ಬೇಕಾದ್ರೂ ಮಾಡ್ಬಹುದು, ನಮ್ಮಲ್ಲಿ ಬಾಯಿ ಬಿಟ್ರೆ ಕೇಸು" ಅಂತಾರೆ, ಇನ್ನೊಬ್ರು "ನಮ್ಮಲ್ಲೇ ಜಾಸ್ತಿ ಸಲಿಗೆ, ಬೇರೆ ಕಡೆ ಆಗಿದ್ರೆ ಒದ್ದು ಒಳಗೆ ಹಾಕ್ತಿದ್ರು" ಅಂತಾರೆ. ಇಬ್ರೂ ಒಂದೊಂದು ಫಾರ್ವರ್ಡ್ ಹಿಡ್ಕೊಂಡು ಕೂತಿರ್ತಾರೆ. ನನಗೆ ಇಬ್ರ ಮಾತೂ ಅರ್ಧ ಸರಿ ಅನ್ಸತ್ತೆ, ಅದಕ್ಕೇ ಬರೀತಿರೋದು.

ಮೊದ್ಲೇ ಹೇಳ್ಬಿಡ್ತೀನಿ, ಆ ಪ್ರತಿಭಟನೆ ನನಗೆ ಇಷ್ಟ ಆಗಿಲ್ಲ. ನಮ್ಮೂರ ದೇವಸ್ಥಾನದ ಗರ್ಭಗುಡಿ ಮುಂದೆ ಯಾರಾದ್ರೂ ಹಂಗೆ ಕುಣಿದ್ರೆ ನಮ್ಮಮ್ಮ ಒಂದು ವಾರ ಊಟ ಬಿಡ್ತಿದ್ರು. ಆ ಕೆಥೆಡ್ರಲ್ಲೂ ಮಾಮೂಲಿದಲ್ಲ. ಸ್ಟಾಲಿನ್ 1931ರಲ್ಲಿ ಅದನ್ನ ಡೈನಮೈಟ್ ಇಟ್ಟು ಉಡಾಯಿಸಿದ್ರು, ಸ್ಟಾಲಿನ್ ಸತ್ತ ಮೇಲೆ ಅದೇ ಜಾಗದಲ್ಲಿ ಸ್ವಿಮ್ಮಿಂಗ್ ಪೂಲ್ ಮಾಡಿದ್ರು, ಸೋವಿಯತ್ ಒಕ್ಕೂಟ ಹೋದ್ಮೇಲೆ ಜನ ಪುನಃ ಕಟ್ಟಿದ್ರು. ಅಂಥ ಕಡೆ ಮೇಣದಬತ್ತಿ ಮಾರೋ ಹೆಂಗಸೊಬ್ರು ಕೋರ್ಟಿಗೆ ಬಂದು ನನ್ನ ಮನಸ್ಸಿಗೆ ನೋವಾಯ್ತು ಅಂತ ಸಾಕ್ಷಿ ಹೇಳಿದ್ರೆ ಅದನ್ನ ಡ್ರಾಮಾ ಅಂತ ತಳ್ಳಿಹಾಕೋಕೆ ನಾನಂತೂ ರೆಡಿ ಇಲ್ಲ.

ಆದ್ರೆ ಆ ನೋವಿಗೆ ಎರಡು ವರ್ಷನಾ?

ಇಲ್ಲೊಂದು ವಿಷ್ಯ ತುಂಬ ಜನಕ್ಕೆ ಗೊತ್ತಿಲ್ಲ. ಇದೇ ಗುಂಪು ಅದಕ್ಕೆ ಒಂದು ತಿಂಗಳ ಹಿಂದೆ, ಜನವರಿ 20ಕ್ಕೆ, ಕ್ರೆಮ್ಲಿನ್ ಎದುರಿಗೇ ಇರೋ ರೆಡ್ ಸ್ಕ್ವೇರಲ್ಲಿ ಪುಟಿನ್‌ನ ಬೈದು ಹಾಡಿತ್ತು. ಪೊಲೀಸ್ರು ಹಿಡಿದ್ರು, ವಿಚಾರಿಸಿದ್ರು, ಬಿಟ್ರು, ಇಬ್ರಿಗೆ 500 ರೂಬಲ್ ದಂಡ ಬಿತ್ತು. ಜಾಗ ಬದಲಾದ ತಕ್ಷಣ ಕೇಸೇ ಬದಲಾಯ್ತು. ಈ ಸಲ ಕ್ರಿಮಿನಲ್ ಕೋಡ್‌ನ 213ನೇ ಆರ್ಟಿಕಲ್, ಅಂದ್ರೆ ಗೂಂಡಾಗಿರಿ, ಅದೂ ಧರ್ಮದ್ವೇಷದಿಂದ ಮಾಡಿದ್ದು ಅಂತ, ಗರಿಷ್ಠ ಏಳು ವರ್ಷ. ಮಾರ್ಚ್ 4ಕ್ಕೆ ಎಲೆಕ್ಷನ್ ಇತ್ತು, ಚರ್ಚಿನ ದೊಡ್ಡ ಸ್ವಾಮಿ ಕಿರಿಲ್ ಅವ್ರು ಪುಟಿನ್ ಕಾಲನ ದೇವರ ಪವಾಡ ಅನ್ನೋ ಥರ ಹೊಗಳಿದ್ರು, ಅದಕ್ಕೇ ಚರ್ಚಲ್ಲಿ ಹಾಡಿದ್ವಿ ಅಂತ ಇವ್ರು ಎಷ್ಟು ಹೇಳಿದ್ರೂ ಜಡ್ಜು ಕೇಳ್ಲಿಲ್ಲ, ಇದರಲ್ಲಿ ರಾಜಕೀಯ ಇಲ್ಲ, ಬರೀ ದ್ವೇಷ ಅಂತ ತೀರ್ಪು ಬರೆದ್ರು. ಮಾರ್ಚಿಂದ ಆಗಸ್ಟ್‌ವರೆಗೂ ಬೇಲ್ ಇಲ್ಲ, ಇಬ್ರಿಗೆ ಚಿಕ್ಕ ಚಿಕ್ಕ ಮಕ್ಕಳು, ಕೋರ್ಟಲ್ಲಿ ಗಾಜಿನ ಡಬ್ಬಿ ಒಳಗೆ ಕೂರಿಸಿ ವಿಚಾರಣೆ. ಆ ಮೂವರಲ್ಲಿ ಸಮುತ್ಸೆವಿಚ್ ಅನ್ನೋರು ಅಕ್ಟೋಬರಲ್ಲಿ ಅಪೀಲಲ್ಲಿ ಆಚೆ ಬಂದ್ರು, ಯಾಕೆ ಗೊತ್ತಾ, ಅವ್ರು ಗಿಟಾರ್ ಹೊರಗೆ ತೆಗೆಯೋದ್ರೊಳಗೆ ಸೆಕ್ಯುರಿಟಿಯವ್ರು ಹಿಡ್ಕೊಂಡಿದ್ರಂತೆ. ಇನ್ನೊಬ್ರು ತೊಲೊಕೊನ್ನಿಕೋವಾನ ಮೊರ್ದೋವಿಯಾದ ಜೈಲಿಗೆ ಕಳಿಸಿದ್ರು, ಅಲ್ಲಿ ದಿನಕ್ಕೆ 16-17 ಗಂಟೆ ಹೊಲಿಗೆ ಕೆಲಸ ಅಂತ 2013ರಲ್ಲಿ ಪತ್ರ ಬರೆದು ಉಪವಾಸ ಕೂತ್ರು. ಹೊಲೀತಿದ್ದಿದ್ದು ಏನು ಅಂದ್ರೆ ಪೊಲೀಸ್ ಯೂನಿಫಾರ್ಮು.

ಈಗ ಇಂಗ್ಲೆಂಡಿಗೆ ಬನ್ನಿ. 1998ರ ಈಸ್ಟರ್ ಭಾನುವಾರ, ಕ್ಯಾಂಟರ್ಬರಿ ಕೆಥೆಡ್ರಲ್. ಆರ್ಚ್‌ಬಿಷಪ್ ಜಾರ್ಜ್ ಕೇರಿ ಉಪದೇಶ ಮಾಡ್ತಿದ್ರು. ಪೀಟರ್ ಟ್ಯಾಚೆಲ್ ಅನ್ನೋ ಸಲಿಂಗಿ ಹಕ್ಕುಗಳ ಹೋರಾಟಗಾರ ತನ್ನ ಜೊತೆಯವ್ರನ್ನ ಕರ್ಕೊಂಡು ಸೀದಾ ಪೀಠದ ಮೇಲೇ ಹತ್ತಿ, ಈ ಆರ್ಚ್‌ಬಿಷಪ್ ನಮಗೆ ಸಮಾನ ಹಕ್ಕು ಕೊಡಬಾರದು ಅಂತಾರೆ ಅಂತ ಜನಕ್ಕೆ ಭಾಷಣ ಶುರು ಮಾಡಿದ್ರು. ಮಾಸ್ಕೋಲಿ ಆದದ್ದಕ್ಕಿಂತ ಇದೇನು ಕಮ್ಮಿ ಹೇಳಿ, ಇಲ್ಲಿ ಹಬ್ಬದ ದಿನ, ಪೂಜೆ ನಡೀತಿರೋವಾಗಲೇ, ಧರ್ಮದ ದೊಡ್ಡ ಗುರು ಎದುರಿಗೇ. ಕೇಸ್ ಹಾಕಿದ್ದು 1860ರ ಒಂದು ಹಳೇ ಕಾಯ್ದೆ ಅಡಿ, ಚರ್ಚಲ್ಲಿ ಅಸಭ್ಯವಾಗಿ ನಡ್ಕೊಂಡಿದ್ದಕ್ಕೆ. ಮ್ಯಾಜಿಸ್ಟ್ರೇಟ್ ತಪ್ಪಿತಸ್ಥ ಅಂದ್ರು, ದಂಡ ಹಾಕಿದ್ರು, 18 ಪೌಂಡ್ 60 ಪೆನ್ಸ್. ಕಾಯ್ದೆ ಇಸವಿನೇ ದಂಡ! ಖರ್ಚು ಅಂತ 320 ಪೌಂಡ್ ಬೇರೆ. ನನಗೆ ಈ ತೀರ್ಪು ತುಂಬ ಇಷ್ಟ. ತಪ್ಪು ತಪ್ಪೇ ಅಂತ ಬರೆದಿದಾರೆ, ಪೂಜೆಗೆ ಬಂದಿರೋರಿಗೂ ಹಕ್ಕಿದೆ ಅಂತ ಒಪ್ಪಿದಾರೆ, ಆದ್ರೆ ಆ ಮನುಷ್ಯನ ಜೀವನ ಹಾಳು ಮಾಡಿಲ್ಲ.

ಇಲ್ಲಿಗೇ ನಿಲ್ಲಿಸಿದ್ರೆ ನಮ್ಮ ಗ್ರೂಪಿನ ಫಾರಿನ್ ಪಾರ್ಟಿಯವ್ರು ಕುಣಿದಾಡ್ಬಿಡ್ತಾರೆ. ಸ್ವಲ್ಪ ತಡೀರಿ. ಪುಸಿ ರಯಟ್ ತೀರ್ಪು ಬಂದಾಗ ಬ್ರಿಟನ್ ಸರ್ಕಾರನೂ ಇದು ಅತಿಯಾಯ್ತು ಅಂದಿತ್ತು. ಅದಾಗಿ ಎರಡೇ ತಿಂಗಳಿಗೆ, ಆಕ್ಸ್‌ಫರ್ಡ್ ಕೇಂಬ್ರಿಡ್ಜ್ ದೋಣಿ ರೇಸಿಗೆ ಪ್ರತಿಭಟನೆ ಅಂತ ಅಡ್ಡ ಥೇಮ್ಸ್ ನದೀಲಿ ಈಜಿದ ಟ್ರೆಂಟನ್ ಓಲ್ಡ್‌ಫೀಲ್ಡ್ ಅನ್ನೋರಿಗೆ ಲಂಡನ್ ಕೋರ್ಟು ಆರು ತಿಂಗಳು ಜೈಲು ಕೊಡ್ತು. ಅದೂ ಹೋಗ್ಲಿ. 2022ರ ಅಕ್ಟೋಬರಲ್ಲಿ ಹೊಸ ತೈಲ ಬಾವಿ ಬೇಡ ಅಂತ ಹೋರಾಡ್ತಿದ್ದ ಜಸ್ಟ್ ಸ್ಟಾಪ್ ಆಯಿಲ್‌ನ ಇಬ್ರು ನ್ಯಾಷನಲ್ ಗ್ಯಾಲರೀಲಿ ವ್ಯಾನ್ ಗೋ ಅವ್ರ ಸೂರ್ಯಕಾಂತಿ ಪೇಂಟಿಂಗಿಗೆ ಟೊಮ್ಯಾಟೊ ಸೂಪ್ ಎರಚಿದ್ರಲ್ಲ, ಪೇಂಟಿಂಗಿಗೆ ಗಾಜು ಇತ್ತು, ಚಿತ್ರಕ್ಕೆ ಏನೂ ಆಗಿಲ್ಲ, ಹಳೇ ಫ್ರೇಮ್ ಹಾಳಾಯ್ತು. 2024ರ ಸೆಪ್ಟೆಂಬರ್ 27ಕ್ಕೆ ಒಬ್ರಿಗೆ ಎರಡು ವರ್ಷ, ಇನ್ನೊಬ್ರಿಗೆ 20 ತಿಂಗಳು ಶಿಕ್ಷೆ. ಲೆಕ್ಕದಲ್ಲಿ ನೋಡಿದ್ರೆ ಮಾಸ್ಕೋ ಶಿಕ್ಷೆನೇ. (ಅವತ್ತೇ ಇನ್ನೂ ಮೂರು ಜನ ಹೋಗಿ ಸೂರ್ಯಕಾಂತಿಗೆ ಮತ್ತೆ ಸೂಪ್ ಎರಚಿದ್ರು, ಶಿಕ್ಷೆ ನೋಡಿ ಜನ ಹೆದರ್ತಾರೆ ಅನ್ನೋರು ಇದನ್ನೂ ಓದ್ಕೊಳ್ಳಿ.)

ಹಾಗಾದ್ರೆ ಎರಡೂ ಒಂದೇನಾ? ನನ್ನ ಪ್ರಕಾರ ಅಲ್ಲ, ಆದ್ರೆ ವ್ಯತ್ಯಾಸ ಎಷ್ಟು ವರ್ಷ ಅನ್ನೋದ್ರಲ್ಲಿಲ್ಲ, ಯಾವುದನ್ನ ಅಪರಾಧ ಅಂತ ಕೂರಿಸಿದ್ರು ಅನ್ನೋದ್ರಲ್ಲಿದೆ. ಲಂಡನ್ನಲ್ಲಿ ಫ್ರೇಮ್ ಹಾಳಾಯ್ತು, ನಷ್ಟ 10,000 ಪೌಂಡ್‌ವರೆಗೆ ಅಂತ ಲೆಕ್ಕ ಹಾಕಿದ್ರು. ಶಿಕ್ಷೆ ಜಾಸ್ತಿ ಆಯ್ತು ಅಂತ ನಾನೂ ಅಂತೀನಿ, ಆದ್ರೆ ಜಾಸ್ತಿ ಅಂತ ಹೇಳೋಕೆ ನನ್ನ ಕೈಲಿ ಒಂದು ಅಳತೆ ಆದ್ರೂ ಇದೆ. ಮಾಸ್ಕೋಲಿ ಅಪರಾಧ ಆಗಿದ್ದು ಭಕ್ತರ ಮನಸ್ಸಿನ ನೋವು, ಮತ್ತೆ ಇವ್ರ ಮನಸ್ಸಿನ ದ್ವೇಷ. ಎರಡನ್ನೂ ಯಾರು ಅಳೀತಾರೆ? ಸರ್ಕಾರಕ್ಕೆ ಬೇಕಾದಾಗ 500 ರೂಬಲ್, ಬೇಕಾದಾಗ ಏಳು ವರ್ಷ.

ಅಮೆರಿಕದವ್ರು ಈ ಅಳೆಯೋ ಗೋಜೇ ಬೇಡ ಅಂತ ಕೈಬಿಟ್ಟಿದಾರೆ. 1984ರಲ್ಲಿ ಡಲ್ಲಾಸಲ್ಲಿ ಬಾವುಟ ಸುಟ್ಟ ಗ್ರೆಗರಿ ಲೀ ಜಾನ್ಸನ್‌ಗೆ ಟೆಕ್ಸಸ್ ಕೋರ್ಟು ಒಂದು ವರ್ಷ ಜೈಲು, 2,000 ಡಾಲರ್ ದಂಡ ಹಾಕಿತ್ತು, 1989ರಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಆ ಶಿಕ್ಷೆ ನಿಲ್ಲಲ್ಲ ಅಂತು. ಓದೋಕೆ ಚೆನ್ನಾಗಿದೆ. ಆದ್ರೆ ವೆಸ್ಟ್‌ಬರೋ ಚರ್ಚಿನವ್ರ ಕೇಸ್ ಓದಿದ್ರೆ ಹೊಟ್ಟೆ ತೊಳಸತ್ತೆ. ಇರಾಕಲ್ಲಿ ಸತ್ತ ಸೈನಿಕನ ಅಂತ್ಯಸಂಸ್ಕಾರದ ದಿನ ಹೋಗಿ, ಸೈನಿಕ ಸತ್ತಿದ್ದಕ್ಕೆ ದೇವರಿಗೆ ಥ್ಯಾಂಕ್ಸ್ ಅಂತ ಬೋರ್ಡ್ ಹಿಡಿಯೋ ಜನ ಅವ್ರು. ಹುಡುಗನ ತಂದೆ ಕೇಸ್ ಹಾಕಿ ಕೆಳಗಿನ ಕೋರ್ಟಲ್ಲಿ ಲಕ್ಷಾಂತರ ಡಾಲರ್ ಗೆದ್ರು, ಮೇಲಿನ ಕೋರ್ಟಲ್ಲಿ ಸೋತ್ರು, ಸೋತಿದ್ದಕ್ಕೆ ಎದುರು ಪಾರ್ಟಿಯ ಖರ್ಚು 16,510 ಡಾಲರ್ ನೀನೇ ಕಟ್ಟು ಅಂತ ಆದೇಶ ಬೇರೆ ಆಯ್ತು, 2011ರಲ್ಲಿ ಸುಪ್ರೀಂ ಕೋರ್ಟೂ 8-1ರಲ್ಲಿ ಚರ್ಚಿನವ್ರ ಪರವೇ ನಿಂತ್ಕೊಂಡ್ತು. ಪ್ರತಿಭಟನೆ ಮಾಡಿದವ್ರಿಗೆ ಶಿಕ್ಷೆ ಸೊನ್ನೆ ಅಂದ್ರೆ ಬೆಲೆ ಸೊನ್ನೆ ಅಂತಲ್ಲ, ಬಿಲ್ಲು ಬೇರೆ ಯಾರ ಮನೆಗೋ ಹೋಗತ್ತೆ. ನನಗೆ ಇದಕ್ಕಿಂತ ಕ್ಯಾಂಟರ್ಬರಿ 18 ಪೌಂಡೇ ವಾಸಿ.

ನಮ್ಮ ಕಥೆಗೆ ಬಂದ್ರೆ, ಬೇಕಂತಲೇ ಧರ್ಮದ ಭಾವನೆ ನೋಯಿಸಿದ್ರೆ ಈಗ ಮೂರು ವರ್ಷದವರೆಗೆ ಜೈಲು ಇರೋ ಐಪಿಸಿ 295ಎ ಬ್ರಿಟಿಷ್ರು 1927ರಲ್ಲಿ ತಂದಿದ್ದು, ಈಗ ಭಾರತೀಯ ನ್ಯಾಯ ಸಂಹಿತೆಲಿ 299 ಅಂತ ನಂಬರ್ ಚೇಂಜ್ ಆಗಿದೆ ಅಷ್ಟೇ. ಆದ್ರೆ ಇಲ್ಲಿ ಶಿಕ್ಷೆ ಅಂದ್ರೆ ತೀರ್ಪಲ್ಲ, ಎಫ್‌ಐಆರ್ರೇ ಶಿಕ್ಷೆ. 2020ರಲ್ಲಿ ಬೀದರಿನ ಒಂದು ಸ್ಕೂಲಲ್ಲಿ ಮಕ್ಕಳು ಸಿಎಎ ವಿರುದ್ಧ ನಾಟಕ ಆಡಿದ್ರು, ಪ್ರಧಾನಿಗೆ ಅವಮಾನ ಆಯ್ತು ಅಂತ ದೂರು, ದೇಶದ್ರೋಹದ ಕೇಸು. ಒಬ್ರು ಟೀಚರ್, ಒಬ್ಬ ಹುಡುಗಿಯ ತಾಯಿ ಜೈಲಿಗೆ ಹೋದ್ರು, ಪೊಲೀಸ್ರು ಯೂನಿಫಾರ್ಮಲ್ಲೇ ಸ್ಕೂಲಿಗೆ ಹೋಗಿ ಪುಟಾಣಿಗಳನ್ನ ಪ್ರಶ್ನೆ ಮಾಡಿದ್ರು. 2023ರ ಜೂನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಸ್ಕೂಲಿನವ್ರ ಮೇಲಿನ ಕೇಸ್ ರದ್ದು ಮಾಡ್ತು. ಪೇಪರಲ್ಲಿ ನೋಡಿದ್ರೆ ಶಿಕ್ಷೆ ಸೊನ್ನೆ, ರಷ್ಯಾಗಿಂತ ನಾವೇ ಮೇಲು ಅಂತ ಗ್ರೂಪಲ್ಲಿ ಹಾಕ್ಬಹುದು. ಜೈಲಲ್ಲಿ ಕಳೆದ ರಾತ್ರಿಗಳು, ಮೂರು ವರ್ಷದ ಲಾಯರ್ ಫೀಸು, ಯೂನಿಫಾರ್ಮ್ ನೋಡಿದ್ರೆ ಬೆದರೋ ಮಕ್ಕಳು, ಇದನ್ನೆಲ್ಲ ಯಾವ ಕಾಲಂನಲ್ಲಿ ಬರೀತೀರ?

ಪುಸಿ ರಯಟ್‌ನವ್ರಿಗೆ ಒಂದು ಬಾಗಿಲಾದ್ರೂ ಇತ್ತು. ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕು ಕೋರ್ಟು 2018ರ ಜುಲೈ 17ಕ್ಕೆ ರಷ್ಯಾದ್ದು ತಪ್ಪು ಅಂತ ತೀರ್ಪು ಕೊಟ್ಟು ಇಬ್ರಿಗೆ ತಲಾ 16,000 ಯೂರೋ, ಗಿಟಾರ್ ತೆಗೆಯದೇ ಇದ್ದೋರಿಗೆ 5,000 ಕೊಡಿಸ್ತು. ಚರ್ಚಲ್ಲಿ ಹಾಗೆ ನಡ್ಕೊಂಡಿದ್ದಕ್ಕೆ ಏನೂ ಕ್ರಮ ತಗೋಬಾರದಿತ್ತು ಅಂತ ಆ ಕೋರ್ಟ್ ಹೇಳಿಲ್ಲ, ಜೈಲು ಅತಿಯಾಯ್ತು ಅಂತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ್ಮೇಲೆ ರಷ್ಯಾ ಆ ವ್ಯವಸ್ಥೆಯಿಂದಲೇ ಹೊರಗೆ ಹೋಯ್ತು. ಆ ವರ್ಷ, 2012ರಲ್ಲಿ ಜೈಲಿಗೆ ಹೋದ ಮೂವರಲ್ಲಿ ಒಬ್ರಾದ ಮರಿಯಾ ಆಲಿಯೋಖಿನಾ ಫುಡ್ ಡೆಲಿವರಿ ಹುಡುಗಿ ವೇಷದಲ್ಲಿ ಮಾಸ್ಕೋದಿಂದ ತಪ್ಪಿಸ್ಕೊಂಡ್ರು. 2025ರ ಸೆಪ್ಟೆಂಬರಲ್ಲಿ ಸೈನ್ಯದ ಬಗ್ಗೆ ಸುಳ್ಳು ಹಬ್ಬಿಸಿದ್ರು ಅಂತ ಅವ್ರು ಅಲ್ಲಿ ಇಲ್ದೇ ಇದ್ರೂ ಕೋರ್ಟು 13 ವರ್ಷ ಹಾಕಿದೆ. ಈ ಸಲ ಅಪೀಲಿಗೆ ಸ್ಟ್ರಾಸ್‌ಬರ್ಗ್ ಇಲ್ಲ.