ತಿಂಗಳಿಗೊಂದು ಸ್ಪ್ಯಾನಿಷ್ ಕ್ರಿಯಾಪದ: ಈ ಸಲ ‘ಕೆದಾರ್’

ಈ ತಿಂಗಳ ಸರದಿ ‘ಕೆದಾರ್’ನದು. ಕೇದಾರನಾಥನಿಗೂ ಇದಕ್ಕೂ ಸಂಬಂಧವಿಲ್ಲ. ‘ಕೆ’ ಹ್ರಸ್ವ, ಒತ್ತು ‘ದಾ’ ಮೇಲೆ. ನಮ್ಮ ‘ದ’ ಹೇಳಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ, ಸ್ವಲ್ಪ ಮೆತ್ತಗೆ ಹೇಳಬೇಕು ಅಷ್ಟೆ.

ನಿಘಂಟು ತೆರೆದರೆ ಉಳಿ, ಇರು, ಆಗು, ಒಪ್ಪು, ಭೇಟಿಯಾಗು ಅಂತ ಅರ್ಥಗಳ ಸಾಲೇ ಇದೆ. ಬಾಯಿಪಾಠದ ಸಹವಾಸ ಬೇಡ ಅಂತ, ಓದಿದ ಕೇಳಿದ ವಾಕ್ಯಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸುತ್ತಿದ್ದೇನೆ. ಪಕ್ಕದಲ್ಲಿ ನಾವು ಮನೆಯಲ್ಲಿ ಹೇಗೆ ಹೇಳುತ್ತೇವೋ ಹಾಗೆ ಕನ್ನಡ. ಇಂಗ್ಲಿಷಿಗೆ ಜಾಗವೇ ಇಟ್ಟಿಲ್ಲ.

‘ಕೆದಾನ್ ದೋಸ್ ಮನ್ಸಾನಾಸ್’ ಅಂದರೆ ಎರಡು ಸೇಬು ಉಳಿದಿವೆ. ‘ಮೆ ಕೆದೊ ಎನ್ ಕಾಸಾ’ ಅಂದರೆ ಮನೆಯಲ್ಲೇ ಉಳಿದುಕೊಳ್ಳುತ್ತೇನೆ. 2020ರ ಲಾಕ್‌ಡೌನಿನಲ್ಲಿ ಸ್ಪೇನಿನಲ್ಲಿ ಎಲ್ಲರ ಬಾಯಲ್ಲಿದ್ದ ‘ಕೆದಾತೆ ಎನ್ ಕಾಸಾ’ ಕೂಡ ಇದೇ. ಸೇಬು ಉಳಿಯುತ್ತದೆ, ಮನುಷ್ಯ ಉಳಿದುಕೊಳ್ಳುತ್ತಾನೆ. ನಮ್ಮ ‘ಕೊಳ್ಳು’ ಮಾಡುವ ಕೆಲಸವನ್ನು ಅಲ್ಲಿ ಮೆ (ನನ್ನನ್ನು), ತೆ (ನಿನ್ನನ್ನು), ಸೆ (ತನ್ನನ್ನು) ಅನ್ನುವ ಪುಟ್ಟ ಪದಗಳು ಮಾಡುತ್ತವೆ. ಅಂಗಡಿಯಲ್ಲಿ ನಾಲ್ಕು ಶರ್ಟು ನೋಡಿ ಒಂದನ್ನು ಎತ್ತಿ ‘ಮೆ ಕೆದೊ ಕೊನ್ ಎಸ್ತೆ’ ಅಂದರೆ ‘ಇದನ್ನೇ ತಗೋತೀನಿ’. ಟ್ಯಾಕ್ಸಿಯವರಿಗೆ ‘ಕೆದೆಸೆ ಕೊನ್ ಲಾ ಬ್ವೆಲ್ತಾ’ ಅಂದರೆ ‘ಚಿಲ್ಲರೆ ನೀವೇ ಇಟ್ಕೊಳ್ಳಿ’. ತಗೋ, ಇಟ್ಕೋ, ಉಳಿದುಕೋ. ಎಲ್ಲದರಲ್ಲೂ ‘ಕೋ’ ಕೂತಿದೆ ನೋಡಿ.

ಹಾಗಂತ ಇದನ್ನೇ ನಿಯಮ ಮಾಡಿಕೊಳ್ಳುವ ಹಾಗಿಲ್ಲ. ಚಿತ್ರಕಾರ ಗೋಯಾ 1792ರ ಕೊನೆಯಲ್ಲಿ ಕಾಯಿಲೆ ಬಿದ್ದ, ಅದರಿಂದ ಕಿವಿ ಹೋಯಿತು. ಇದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಸೆ ಕೆದೋ ಸೋರ್ದೊ’. ಕನ್ನಡದಲ್ಲಿ ‘ಕಿವುಡನಾದ’, ಇಲ್ಲಿ ‘ಕೊಳ್ಳು’ ಎಲ್ಲಿಂದ ಬರಬೇಕು? ನಿದ್ದೆ ಹತ್ತುವುದು, ಗಂಡನೋ ಹೆಂಡತಿಯೋ ತೀರಿಕೊಂಡು ಒಬ್ಬರೇ ಆಗುವುದು, ಬಸುರಾಗುವುದು, ಎಲ್ಲವೂ ಇದೇ ಗುಂಪು. ಒಂದು ಸ್ಥಿತಿಗೆ ಬಂದು ಅಲ್ಲಿ ನಿಂತಿದ್ದಾರೆ, ಅಷ್ಟೆ. ಲ್ಯಾಟಿನ್ನಿನ ಮೂಲ ಪದಕ್ಕೂ ಸುಮ್ಮನಿರಿಸು, ಶಾಂತವಾಗಿಸು ಅನ್ನುವ ಅರ್ಥವೇ ಇತ್ತು.

ಬಟ್ಟೆಯ ಪುಟ ಸುಲಭವಾಗಿ ಮುಗಿಯಿತು. ‘ಮೆ ಕೆದಾ ಗ್ರಾಂದೆ’ ಅಂದರೆ ‘ನನಗೆ ದೊಡ್ಡದಾಗುತ್ತೆ’. ಅಂಗಿ ಕರ್ತೃ, ನಾನು ‘ನನಗೆ’. ಇಂಗ್ಲಿಷ್ ದಾರಿಯಲ್ಲಿ ಬಂದವರು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ನಮಗೆ ಹಸಿವೂ ‘ನನಗೆ’, ಇಷ್ಟವೂ ‘ನನಗೆ’, ಅಭ್ಯಾಸ ಆಗಿಹೋಗಿದೆ.

ಜಾಸ್ತಿ ಹೊತ್ತು ಹಿಡಿದದ್ದು ಭೇಟಿಯ ಅರ್ಥ. ಸ್ಪೇನಿನಲ್ಲಿ ‘ಎ ಕೆದಾದೊ ಕೊನ್ ಮಾರ್ತಾ’ ಅಂದರೆ ಮಾರ್ತಾಳನ್ನು ಭೇಟಿಯಾಗುವುದು ಅಂತ ಮಾತಾಗಿದೆ. ಇನ್ನೂ ಸಿಕ್ಕಿಲ್ಲ! ಉಳಿಯುವುದಕ್ಕೂ ಭೇಟಿಗೂ ಏನು ನಂಟು? ಗಂಟು ಬಿಡಿಸಿದ್ದು ‘ಎನ್ ಕೆ ಕೆದಾಮೊಸ್?’ ಅನ್ನುವ ಪ್ರಶ್ನೆ. ಇಬ್ಬರು ಅರ್ಧ ಗಂಟೆ ಚರ್ಚೆ ಮಾಡಿ ಏನೂ ಬಗೆಹರಿಯದಿದ್ದಾಗ ಒಬ್ಬರು ಹೀಗೆ ಕೇಳುತ್ತಾರೆ. ‘ಕೊನೆಗೆ ಮಾತು ಎಲ್ಲಿಗೆ ಬಂದು ನಿಂತಿತು?’ ಅಂತ. ಮಾತು ಆರು ಗಂಟೆಗೆ, ಚೌಕದ ಹತ್ತಿರ ಅಂತ ಬಂದು ನಿಂತರೆ ಅದೇ ಭೇಟಿ. ಲ್ಯಾಟಿನ್ ಅಮೆರಿಕದ ಬಹಳ ಕಡೆ ಬರೀ ‘ಕೆದಾರ್ ಕೊನ್’ ಅಂತ ಹೀಗೆ ಬಳಸುವುದು ಕಡಿಮೆ. ಆದರೆ ಬ್ಯಾಂಕು ಎಲ್ಲಿದೆ ಅಂತ ಕೇಳಲು ‘ದೋಂದೆ ಕೆದಾ ಎಲ್ ಬಾಂಕೊ?’ ಅನ್ನುವುದು ಅಲ್ಲಿ ದಿನಬಳಕೆ.

ಸ್ಪೇನಿನ ಪಶ್ಚಿಮದ ಸಾಲಮಾಂಕಾ, ಎಸ್ತ್ರೆಮಾದುರಾ ಕಡೆಯವರು ‘ಬೀಗದಕೈ ಮನೆಯಲ್ಲೇ ಬಿಟ್ಟೆ’ ಅನ್ನಲೂ ‘ಕೆದಾರ್’ ಬಳಸುತ್ತಾರೆ. ವ್ಯಾಕರಣದ ಪಂಡಿತರಿಗೆ ಇದು ಸೇರುವುದಿಲ್ಲ. ನನಗೇನೋ ಇಷ್ಟವಾಯಿತು, ಆದರೆ ಪರೀಕ್ಷೆಯಲ್ಲಿ ಬರೆಯುವ ಧೈರ್ಯ ಮಾಡುವುದಿಲ್ಲ.

ಸದ್ಯದ ಸ್ಥಿತಿ: ಓದುವಾಗ ಅರ್ಥಕ್ಕೆ ತಡಕಾಡುವುದು ನಿಂತಿದೆ. ರೇಡಿಯೋದಲ್ಲಿ ವೇಗವಾಗಿ ಬಂದಾಗ ಅದರ ಮುಂದೆ ಬರುವ ‘ಎನ್’ (ಅಲ್ಲಿ), ‘ಕೊನ್’ (ಜೊತೆ) ಕಿವಿಗೆ ತಪ್ಪಿಹೋಗುತ್ತವೆ, ಅವು ತಪ್ಪಿದರೆ ಅರ್ಥವೇ ತಪ್ಪಿದ ಹಾಗೆ. ಮೆಕ್ಸಿಕೋದವರು ಒಪ್ಪಂದದ ಅರ್ಥಕ್ಕೆ ‘ಕೆದಾರ್ ದೆ’ ಕೂಡ ಅನ್ನುತ್ತಾರೆ, ಅದಕ್ಕೊಂದು ಪುಟ ಖಾಲಿ ಬಿಟ್ಟಿದ್ದೇನೆ. ಮುಂದಿನ ತಿಂಗಳು ‘ಯೆಬಾರ್’. ಅದರ ಸಾಲು ಇದಕ್ಕಿಂತ ಉದ್ದ ಇದೆ.