ಆ ಕೊನೆಯ ‘ಡ್ಯಾಡಿ’ ಯಾರಿಗೆ?

ರಾತ್ರಿ ಹನ್ನೊಂದೂವರೆಗೆ ಫೋನ್ ಬಂದರೆ ನನಗೀಗ ಗಾಬರಿಯಾಗುವುದಿಲ್ಲ. ನಾನು ನೋಡು ಅಂದಿದ್ದ ಸಿನಿಮಾವನ್ನು ಯಾರೋ ಮುಗಿಸಿದ್ದಾರೆ ಅಂತ ಅರ್ಥ. ಮೂಗು ಸೀಟುತ್ತಾ ಕೇಳುವ ಪ್ರಶ್ನೆಯೂ ಒಂದೇ: “ಕೊನೇಲಿ ಅವಳು ಡ್ಯಾಡಿ ಅಂದಿದ್ದು ಯಾರಿಗೆ?”

ಸಿನಿಮಾ ‘ಅನ್ ಕಾಲೀನ್ ಕ್ಯೂನ್’, ಅಂದರೆ ಮಾತಿಲ್ಲದ ಹುಡುಗಿ. ಕೋಲಮ್ ಬರೇಡ್ ಎಂಬ ನಿರ್ದೇಶಕನ ಮೊದಲ ಕಥಾಚಿತ್ರ. 2022ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಮೊದಲ ಸಲ ತೋರಿಸಿದರು. ಮರುವರ್ಷ ಆಸ್ಕರ್‌ನ ಅಂತಾರಾಷ್ಟ್ರೀಯ ಚಿತ್ರಗಳ ಅಂತಿಮ ನಾಮನಿರ್ದೇಶನ ಪಟ್ಟಿಗೆ ಹೋಯಿತು. ಐರಿಷ್ ಭಾಷೆಯ ಚಿತ್ರವೊಂದು ಅಲ್ಲಿಗೆ ಹೋದದ್ದು ಅದೇ ಮೊದಲು. ನೋಡದವರು ಇಲ್ಲೇ ನಿಲ್ಲಿಸಿ, ನೋಡಿಕೊಂಡು ಬನ್ನಿ. ಕೊನೆಯನ್ನು ಹೇಳದೆ ಈ ಪ್ರಶ್ನೆಗೆ ಉತ್ತರ ಕೊಡಲಾಗದು.

ಐರ್ಲೆಂಡಿನಲ್ಲಿ 1981ರ ಬೇಸಿಗೆ. ಹುಡುಗಿ ಕಾಚ್‌ಗೆ ಒಂಬತ್ತು ವರ್ಷ. ಮನೆ ತುಂಬ ಮಕ್ಕಳು, ಅಮ್ಮ ಮತ್ತೆ ಬಸುರಿ, ಅಪ್ಪ ಜೂಜುಕೋರ. ಹೊಡೆತ ಬಡಿತ ತೆರೆಯ ಮೇಲೆ ಕಾಣುವುದಿಲ್ಲ. ಆದರೆ ಅವಳು ಇದ್ದಾಳೋ ಇಲ್ಲವೋ ಎಂದು ಆ ಮನೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಹೆರಿಗೆ ಮುಗಿಯುವ ತನಕ ಅವಳನ್ನು ಅಮ್ಮನ ದಾಯಾದಿ ಅಕ್ಕ ಎವ್ಲೀನ್ ಮತ್ತು ಅವಳ ಗಂಡ ಶಾನ್ ಇರುವ ಹೊಲದ ಮನೆಗೆ ಕಳಿಸುತ್ತಾರೆ. ಅಪ್ಪ ಕಾರಿನಲ್ಲಿ ತಂದು ಬಿಟ್ಟು ಹೋಗುತ್ತಾನೆ. ಅವಳ ಬಟ್ಟೆಯ ಪೆಟ್ಟಿಗೆಯನ್ನು ಇಳಿಸುವುದನ್ನೇ ಮರೆತು ಹೋಗುತ್ತಾನೆ!

ಮೊದಲ ರಾತ್ರಿ ಹುಡುಗಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ. ಎವ್ಲೀನ್ ಬೈಯುವುದಿಲ್ಲ, ಸಮಾಧಾನವನ್ನೂ ಹೇಳುವುದಿಲ್ಲ. ತಪ್ಪನ್ನೆಲ್ಲ ಆ ಹಳೇ ಹಾಸಿಗೆಯ ಮೇಲೆ ಹಾಕಿಬಿಡುತ್ತಾಳೆ. ಪ್ರೀತಿ ಎಂದರೆ ಮಗುವಿನ ಮಾನ ಕಾಪಾಡುವುದೂ ಹೌದು ಅಂತ ನನಗೆ ಹೊಳೆದದ್ದು ಅಲ್ಲಿ. ಶಾನ್ ಮಾತ್ರ ಮುಖ ಕೊಟ್ಟು ಮಾತಾಡನು. ಒಮ್ಮೆ ಅವಳು ಕೊಟ್ಟಿಗೆಯಿಂದ ಕಣ್ಣು ತಪ್ಪಿಸಿ ಎಲ್ಲೋ ಹೋದಾಗ ಸಿಕ್ಕಾಪಟ್ಟೆ ರೇಗುತ್ತಾನೆ. ಆಮೇಲೆ ಒಂದು ದಿನ ಅಡುಗೆಮನೆಯಲ್ಲಿ ಹಾದುಹೋಗುವಾಗ ಮೇಜಿನ ಮೇಲೆ ಒಂದು ಬಿಸ್ಕತ್ತು ಇಟ್ಟು, ಏನೂ ಹೇಳದೆ, ಹೊರಗೆ ಹೋಗುತ್ತಾನೆ.

ಒಂದೇ ಒಂದು ಬಿಸ್ಕತ್ತು. ಕ್ಷಮೆ ಕೇಳಿದ್ದು ಹಾಗೆ. ನಮ್ಮೂರ ಗಂಡಸರನ್ನು ನೋಡಿ ಬೆಳೆದವರಿಗೆ ಈ ದೃಶ್ಯಕ್ಕೆ ಸಬ್‌ಟೈಟಲ್ ಬೇಕಾಗದು. ಅವನು ರೇಗಿದ್ದು ಯಾಕೆ ಎನ್ನುವುದು ತಡವಾಗಿ, ಅದೂ ಒಬ್ಬ ಬಾಯಿಬಡುಕ ನೆರೆಯವಳ ಮೂಲಕ ಗೊತ್ತಾಗುತ್ತದೆ. ಅವರಿಗೊಬ್ಬ ಮಗನಿದ್ದ, ನಾಯಿಯ ಹಿಂದೆ ಹೋಗಿ ಸಗಣಿ ಗುಂಡಿಗೆ ಬಿದ್ದು ಸತ್ತಿದ್ದ. ಹುಡುಗಿ ಅಷ್ಟು ದಿನ ತೊಟ್ಟಿದ್ದು ಅವನ ಬಟ್ಟೆ.

ಇನ್ನು ಕೊನೆ. ಶಾಲೆ ಶುರುವಾಗುವ ಹೊತ್ತಿಗೆ ಅವಳನ್ನು ವಾಪಸ್ ತಂದು ಬಿಡುತ್ತಾರೆ. ಕಾರು ಹೊರಡುತ್ತದೆ. ಹುಡುಗಿ ಒಂದು ಗಳಿಗೆ ನಿಂತು, ಓಡತೊಡಗುತ್ತಾಳೆ. ಬೇಸಿಗೆಯುದ್ದಕ್ಕೂ ಅಂಚೆ ಡಬ್ಬಿಯ ತನಕ ಓಡಿಸಿ, ಎಷ್ಟು ಸೆಕೆಂಡಿಗೆ ಬಂದಳು ಅಂತ ಲೆಕ್ಕ ಇಟ್ಟವನು ಶಾನ್. ಆ ಓಟವೆಲ್ಲ ಈಗ ಉಪಯೋಗಕ್ಕೆ ಬರುತ್ತದೆ. ಗೇಟು ಹಾಕಲು ಕಾರಿನಿಂದ ಇಳಿದಿದ್ದ ಅವನನ್ನು ತಬ್ಬಿಕೊಳ್ಳುತ್ತಾಳೆ. ಅವನ ಹೆಗಲಾಚೆ ಹೆತ್ತ ಅಪ್ಪ ನಡೆದು ಬರುವುದು ಕಾಣುತ್ತದೆ. “ಡ್ಯಾಡಿ” ಅನ್ನುತ್ತಾಳೆ. ಮತ್ತೆ ಇನ್ನೊಂದು ಸಲ, “ಡ್ಯಾಡಿ.” ಮುಗಿಯಿತು.

ನನ್ನ ಉತ್ತರ: ಮೊದಲನೆಯದು ಬರುತ್ತಿರುವವನನ್ನು ಕಂಡು, ಎಚ್ಚರಿಸಲು. ಎರಡನೆಯದು ಅಪ್ಪಿಕೊಂಡವನಿಗೆ. ಕಥೆಯ ಮೂಲ ಕ್ಲೇರ್ ಕೀಗನ್ ಇಂಗ್ಲಿಷಿನಲ್ಲಿ ಬರೆದು 2010ರಲ್ಲಿ ಪುಸ್ತಕವಾದ ‘ಫಾಸ್ಟರ್’. ಅಲ್ಲಿ ಅದು ಎಚ್ಚರಿಕೆ ಎಂಬ ಮಾತನ್ನು ಹುಡುಗಿಯೇ ಹೇಳುತ್ತಾಳೆ, ಆದರೂ ಓದುಗರ ಜಗಳ ನಿಂತಿಲ್ಲ. ಸಿನಿಮಾಗೆ ಮಾತ್ರ ಇನ್ನೊಂದು ಸೌಕರ್ಯವಿದೆ. ಎರಡೂ ಮನೆಯವರು ಐರಿಷ್ ಬಲ್ಲವರೇ ಆದರೂ ಹೆತ್ತ ಅಪ್ಪ ಬಾಯಿಬಿಟ್ಟರೆ ಇಂಗ್ಲಿಷ್. ಶಾನ್ ಮನೆಯ ಮಾತು ಐರಿಷ್. ಅಪ್ಪನಿಗೆ ಇಂಗ್ಲಿಷಿನಲ್ಲಿ ಡ್ಯಾಡಿ, ಐರಿಷಿನಲ್ಲೂ ಸುಮಾರು ಅದೇ ಸದ್ದಿನ ‘ದ್ಯಾದಿ’. ಕಿವಿಗೆ ಹೆಚ್ಚು ವ್ಯತ್ಯಾಸ ಸಿಗದು. ಒಂದೇ ಉಸಿರಿನಲ್ಲಿ ಅವಳು ಎರಡು ಭಾಷೆಯಲ್ಲಿ ಇಬ್ಬರನ್ನು ಕರೆದಳು ಅಂತ ನಾನು ಕೇಳಿಸಿಕೊಳ್ಳುತ್ತೇನೆ. ಐರ್ಲೆಂಡಿನಲ್ಲಿ ಯಾವ ಮನೆಯಲ್ಲಿ ಯಾವ ಭಾಷೆ ಎನ್ನುವುದು ಸಣ್ಣ ವಿಷಯವಲ್ಲ. 2022ರ ಜನಗಣತಿಯಲ್ಲಿ ಐರಿಷ್ ಬರುತ್ತದೆ ಅಂದವರು ಸುಮಾರು 18.7 ಲಕ್ಷ. ಶಾಲೆಯ ಹೊರಗೆ ದಿನಾ ಆಡುವವರು 72 ಸಾವಿರದ ಆಸುಪಾಸು.

ಇಷ್ಟು ಹೇಳಿ ನಾನು ಬೀಗುತ್ತಿದ್ದಾಗ ನನ್ನ ಅಮ್ಮ ಇದನ್ನು ಬೇರೆ ಥರ ಬಿಡಿಸಿದರು. ಅಮ್ಮನಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲಾಗದು. ಪಕ್ಕದಲ್ಲಿ ಕೂತು ಹೇಳುತ್ತಾ ಹೋದೆ. ಎವ್ಲೀನ್ ಯಾರು ಅಂತ ಕೇಳಿದಾಗ ನಾನೇನೂ ಯೋಚಿಸದೆ “ದೊಡ್ಡಮ್ಮ” ಅಂದೆ. ಶಾನ್ ತಾನಾಗಿ ದೊಡ್ಡಪ್ಪನಾದ. ಕೊನೆಯ ದೃಶ್ಯ ಮುಗಿದು ನಾನು ಕಣ್ಣೊರೆಸಿಕೊಳ್ಳುತ್ತಾ, ಯಾರನ್ನು ಕರೆದಳು ಹೇಳು ನೋಡೋಣ ಅಂದರೆ, ಅಮ್ಮ ನನ್ನನ್ನೇ ವಿಚಿತ್ರವಾಗಿ ನೋಡಿದರು. “ದೊಡ್ಡಪ್ಪನ್ನ ಅಪ್ಪ ಅಂದ್ರೆ ಅದ್ರಲ್ಲೇನಿದೆ?”

ಏನಿದೆ ನಿಜವಾಗಿ? ನಮ್ಮಲ್ಲಿ ಅಪ್ಪ ಎಂಬ ಪದ ದೊಡ್ಡಪ್ಪನ ಒಳಗೇ ಕೂತಿದೆ. ಕೂಡು ಮನೆಗಳಲ್ಲಿ ದೊಡ್ಡಪ್ಪನನ್ನು ಅಪ್ಪ ಅಂತಲೂ ಹೆತ್ತವನನ್ನು ಅಣ್ಣ ಅಂತಲೂ ಕರೆದು ಬೆಳೆದ ಮಕ್ಕಳು ಬೇಕಾದಷ್ಟು. ಹಾಗೆಂದು ನಮ್ಮ ಪದಗಳು ಬಿಸ್ಕತ್ತು ಇಡುತ್ತವೆ ಅಂತ ನಾನು ನಂಬಿಲ್ಲ. ದೊಡ್ಡಮ್ಮ ಅನ್ನಿಸಿಕೊಂಡೂ ಮಗುವಿನ ಊಟದ ಲೆಕ್ಕ ಇಟ್ಟವರನ್ನು ಕಂಡಿದ್ದೇನೆ. ಸಾಕು ಎಂಬ ನಮ್ಮ ಮಾತೇ ನೋಡಿ, ಹೊಟ್ಟೆಗೆ ಹಾಕಿ ಬೆಳೆಸು ಅಂತಲೂ ಹೌದು, ಇನ್ನು ಬೇಡ ಅಂತಲೂ ಹೌದು. ಕಾಚ್ ಇರುವುದು ಆ ಎರಡು ಮನೆಗಳ ನಡುವೆ.

ಅಮ್ಮನ ಮಾತು ತಲೆಯಲ್ಲಿ ಕೊರೆಯುತ್ತಿದ್ದಾಗಲೇ ನನಗೆ ಹಳೆಯ ಐರ್ಲೆಂಡಿನ ಪದ್ಧತಿಯೊಂದು ನೆನಪಾಯಿತು. ಅಲ್ಲಿ ಮಕ್ಕಳನ್ನು ಬೇರೆ ಮನೆಯಲ್ಲಿಟ್ಟು ಬೆಳೆಸುವುದು ಅನಾಥರಿಗಷ್ಟೇ ಇದ್ದ ದಾರಿಯಾಗಿರಲಿಲ್ಲ. ಉಳ್ಳವರೂ ಕಳಿಸುತ್ತಿದ್ದರು. ಬ್ರೆಹನ್ ಕಾನೂನು ಎಂದು ಕರೆಯುವ ಅವರ ಪ್ರಾಚೀನ ಕಟ್ಟಳೆಗಳಲ್ಲಿ ಇದರ ವಿವರವೆಲ್ಲ ಇದೆ. ಹಣ ಪಡೆದು ಸಾಕುವುದು ಒಂದು ಬಗೆ, ಪ್ರೀತಿಗಾಗಿ ಸಾಕುವುದು ಇನ್ನೊಂದು. ಸೋಜಿಗವೆಂದರೆ, ಆ ಕಾಲದ ಐರಿಷಿನಲ್ಲಿ ಸಾಕಿದವರಿಗೆ ಹೇಳುತ್ತಿದ್ದ ‘ಅಯ್ಟೆ’, ‘ಮುಮ್ಮೆ’ ಎಂಬ ಪದಗಳು ಮೂಲದಲ್ಲಿ ಮಕ್ಕಳ ಬಾಯಿಯ ಮುದ್ದಿನ ಅಪ್ಪ-ಅಮ್ಮ. ಹೆತ್ತವರಿಗೆ ಉಳಿದದ್ದು ತಂದೆ, ತಾಯಿ ಎಂಬಂಥ ದೊಡ್ಡವರ ಮಾತು. ಹುಡುಗಿ ಗೇಟಿನ ಬಳಿ ಮಾಡಿದ್ದೂ ಅದನ್ನೇ ಅಲ್ಲವೇ ಅಂತ ಅಮ್ಮನಿಗೆ ಹೇಳೋಣ ಎಂದು ಉತ್ಸಾಹದಿಂದ ಫೋನ್ ಮಾಡಿದೆ.

ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು: “ಅದಿರ್ಲಿ, ಅವನು ಆ ಗೇಟು ಹಾಕಿದ್ನಾ? ಹಾಗೇ ಬಿಟ್ಟಿದ್ರೆ ದನ ರಸ್ತೆಗೆ ಹೋಗ್ತವೆ.”